ಕೋಸ್ಟಾ ರಿಕಾದ ಕೆರಿಬಿಯನ್ ಕರಾವಳಿ: ಮೊದಲು ತಿಂಗಳು ನೋಡಿ, ಆಮೇಲೆ ಟಿಕೆಟ್ ತೆಗೆಯಿರಿ

ಕೋಸ್ಟಾ ರಿಕಾ ಪುಟ್ಟ ದೇಶ, ಆದರೆ ಅದಕ್ಕೆ ಎರಡು ಕಡಲು. ಪಶ್ಚಿಮಕ್ಕೆ ಪೆಸಿಫಿಕ್, ಪೂರ್ವಕ್ಕೆ ಕೆರಿಬಿಯನ್. ಪ್ರವಾಸಿಗರು ಜಾಸ್ತಿ ಹೋಗುವುದು ಪೆಸಿಫಿಕ್ ಕಡೆಗೆ. ಕೆರಿಬಿಯನ್ ಕಡೆ ಇರುವುದು ಸುಮಾರು 200 ಕಿ.ಮೀ. ಕರಾವಳಿ, ಅಷ್ಟೂ ಲಿಮೋನ್ ಎಂಬ ಒಂದೇ ಪ್ರಾಂತ್ಯದಲ್ಲಿ. ಹ್ಯೂಸ್ಟನ್‌ನಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ನಾವಿಬ್ಬರೂ ಅಲ್ಲಿಗೆ ಹೊರಟೆವು. ಹ್ಯೂಸ್ಟನ್‌ನಿಂದ ರಾಜಧಾನಿ ಸಾನ್ ಹೋಸೆಗೆ ವಿಮಾನದಲ್ಲಿ ನಾಲ್ಕು ತಾಸು ಸಾಕು. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ನಮ್ಮವರಿಗೆ ಇದು ಕೈಗೆಟುಕುವ ಪ್ರವಾಸ. ಅದಕ್ಕೇ ಈ ಲೇಖನ.

ಏನು ನೋಡಬೇಕು ಅಂತ ಮೊದಲೇ ನಿರ್ಧರಿಸಿ

ಇಲ್ಲಿ ಎಲ್ಲರೂ ಎಡವುವುದು ಇದೊಂದು ವಿಷಯದಲ್ಲಿ. ಡಿಸೆಂಬರ್‌ನಿಂದ ಏಪ್ರಿಲ್ ಒಣ ಕಾಲ, ಉಳಿದದ್ದು ಮಳೆಗಾಲ ಎಂದು ಎಲ್ಲ ಕಡೆ ಓದುತ್ತೀರಿ. ಅದು ಪೆಸಿಫಿಕ್ ಕಡೆಯ ಲೆಕ್ಕ. ಕೆರಿಬಿಯನ್ ಕಡೆಗೆ ಬೇರೆಯದೇ ಪಂಚಾಂಗ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಜೋರು ಮಳೆ ಬರುತ್ತದೆ. ಪೆಸಿಫಿಕ್ ಕಡೆ ಮಳೆ ಹೊಡೆಯುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇಲ್ಲಿ ಬಿಸಿಲು. ಫೆಬ್ರವರಿ, ಮಾರ್ಚ್‌ನಲ್ಲೂ ಸ್ವಲ್ಪ ಬಿಡುವು ಸಿಗುತ್ತದೆ.

ಸರ್ಫಿಂಗ್ ಬೇಕಾ? ದೊಡ್ಡ ಅಲೆ ಬರುವುದು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಜೂನ್, ಜುಲೈನಲ್ಲೂ ಒಂದಷ್ಟು ದಿನ ಚೆನ್ನಾಗಿರುತ್ತದೆ. ತಿಳಿ ನೀರಿನಲ್ಲಿ ಮುಖ ಮುಳುಗಿಸಿ ಹವಳ ನೋಡಬೇಕಾ? ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೋಗಿ. ಆಗ ಕಡಲು ಕೆರೆಯಂತೆ ಮಲಗಿರುತ್ತದೆ. ಹಸಿರು ಕಡಲಾಮೆ ಮೊಟ್ಟೆ ಇಡುವುದನ್ನು ನೋಡಲು ಜುಲೈನಿಂದ ಅಕ್ಟೋಬರ್. ಮೈಮೇಲೆ ಚರ್ಮದ ಹೊದಿಕೆಯಂಥ ಚಿಪ್ಪಿರುವ ದೈತ್ಯ ಲೆದರ್‌ಬ್ಯಾಕ್ ಆಮೆಗಾದರೆ ಮಾರ್ಚ್‌ನಿಂದ ಜೂನ್.

ದೊಡ್ಡ ಅಲೆ, ತಿಳಿ ನೀರು, ಹಸಿರು ಆಮೆ ಮೂರೂ ಒಂದೇ ವಾರದಲ್ಲಿ ಸಿಗುವುದಿಲ್ಲ. ನಾವು ಆಮೆಯನ್ನು ಆರಿಸಿಕೊಂಡು ಸೆಪ್ಟೆಂಬರ್‌ನಲ್ಲಿ ಹೋದೆವು. ಅಲೆ ಸಿಗಲಿಲ್ಲ, ಬೇಸರವೂ ಆಗಲಿಲ್ಲ.

ಕಾಗದ ಪತ್ರ

ಭಾರತದ ಪಾಸ್‌ಪೋರ್ಟ್‌ನಲ್ಲಿ ಅಮೆರಿಕದ ಮಲ್ಟಿಪಲ್ ಎಂಟ್ರಿ ವೀಸಾ ಇದ್ದರೆ ಸಾಮಾನ್ಯವಾಗಿ ಕೋಸ್ಟಾ ರಿಕಾಗೆ ಬೇರೆ ವೀಸಾ ಬೇಡ. ಆದರೂ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ತೆಗೆಯುವ ಮುಂಚೆ ದೆಹಲಿಯಲ್ಲಿರುವ ಅವರ ರಾಯಭಾರ ಕಚೇರಿಯಲ್ಲಿ ವಿಚಾರಿಸಿ. ವಾಪಸ್ ಟಿಕೆಟ್ ತೋರಿಸಿ ಅಂತ ವಿಮಾನ ಹತ್ತುವಾಗಲೇ ಕೇಳುತ್ತಾರೆ, ಪ್ರಿಂಟ್ ಇಟ್ಟುಕೊಳ್ಳಿ. ಕೊಲಂಬಿಯಾ, ಬ್ರೆಜಿಲ್ ಮುಂತಾದ ದೇಶಗಳ ಮೂಲಕ ಬರುವವರಿಗೆ ಹಳದಿ ಜ್ವರದ ಲಸಿಕೆಯ ಪತ್ರ ಬೇಕು. ಗಡಿ ದಾಟಿ ಪನಾಮಾ ನೋಡಿಕೊಂಡು ಅಲ್ಲಿಂದಲೇ ಭಾರತಕ್ಕೆ ಮರಳುವ ಆಸೆಯಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೂ ಅದೇ ಪತ್ರ ಕೇಳುತ್ತಾರೆ. ಹಣಕ್ಕೆ ಕೊಲೋನ್ ಎನ್ನುತ್ತಾರೆ, ಡಾಲರ್ ಕೂಡ ನಡೆಯುತ್ತದೆ.

ಸಾನ್ ಹೋಸೆಯಿಂದ ಕರಾವಳಿಗೆ

ರಾಜಧಾನಿಯಿಂದ ಪೂರ್ವಕ್ಕೆ ಹೋಗುವುದು 32ನೇ ನಂಬರಿನ ಹೆದ್ದಾರಿ. ಬ್ರಾವುಲಿಯೋ ಕರಿಯೋ ರಾಷ್ಟ್ರೀಯ ಉದ್ಯಾನದ ದಟ್ಟ ಕಾಡು, ಮಂಜಿನ ಘಾಟಿ ಇಳಿದು ಬಾಳೆ ತೋಟಗಳ ಬಯಲಿಗೆ ಬರುತ್ತದೆ. ಶಿರಾಡಿ, ಆಗುಂಬೆ ಇಳಿದವರಿಗೆ ಕಿಟಕಿಯಾಚೆಯ ನೋಟ ಹೊಸತೆನಿಸದು. ಮಳೆಗೆ ಗುಡ್ಡ ಕುಸಿದು ರಸ್ತೆ ಮುಚ್ಚುವುದೂ ನಮ್ಮಲ್ಲಿಯ ಹಾಗೆಯೇ. ಪ್ವೆರ್ತೋ ವಿಯೆಹೋ ಊರಿಗೆ ಬಸ್ಸಿನಲ್ಲಿ ಐದು ತಾಸು ಹಿಡಿಯುತ್ತದೆ. ಬೆಳಗ್ಗೆಯೇ ಹೊರಡಿ. ಸಮಭಾಜಕಕ್ಕೆ ಹತ್ತಿರದ ಊರು, ಸಂಜೆ ಐದೂವರೆ ಆರಕ್ಕೆಲ್ಲ ಕತ್ತಲಾಗುತ್ತದೆ.

ಮೊದಲ ತಂಗುದಾಣ ಕವೀತಾ

ನನ್ನ ಸಲಹೆ ಕೇಳುವುದಾದರೆ, ಪ್ವೆರ್ತೋ ವಿಯೆಹೋಗೆ ಹೋಗುವ ದಾರಿಯಲ್ಲೇ ಸಿಗುವ ಕವೀತಾದಲ್ಲಿ ಎರಡು ರಾತ್ರಿ ಇಳಿದುಕೊಳ್ಳಿ. ನಾಲ್ಕು ಬೀದಿಯ ಸಣ್ಣ ಊರು. ಊರು ಮುಗಿಯುತ್ತಿದ್ದ ಹಾಗೆ ರಾಷ್ಟ್ರೀಯ ಉದ್ಯಾನ ಶುರು. ಒಂದು ಬದಿ ಕಾಡು, ಇನ್ನೊಂದು ಬದಿ ಬಿಳಿ ಮರಳು, ನಡುವೆ ಕಾಲುದಾರಿ. ಪೂರ್ತಿ ನಡೆದರೆ ಎಂಟು ಕಿ.ಮೀ. ಮೇಲೆ ಆಗುತ್ತದೆ.

ಊರಿನ ಬದಿಯ ಕೆಲ್ಲಿ ಕ್ರೀಕ್ ಗೇಟಿನಲ್ಲಿ ನಿಗದಿತ ಟಿಕೆಟ್ ಇಲ್ಲ, ಮನಸ್ಸಿಗೆ ಬಂದಷ್ಟು ಕಾಣಿಕೆ ಕೊಟ್ಟು ಒಳಗೆ ಹೋಗಬಹುದು. ಅದಕ್ಕೊಂದು ಹಿನ್ನೆಲೆ ಇದೆ. 1994ರಲ್ಲಿ ಸರ್ಕಾರ ವಿದೇಶಿಯರ ಪ್ರವೇಶ ಶುಲ್ಕ ವಿಪರೀತ ಏರಿಸಿದಾಗ, ಜನ ಬರುವುದೇ ನಿಲ್ಲುತ್ತದೆ ಎಂದು ಊರಿನವರು ಗೇಟನ್ನೇ ವಶಕ್ಕೆ ತೆಗೆದುಕೊಂಡರು. ಕೊನೆಗೆ ಸರ್ಕಾರವೂ ಊರೂ ಸೇರಿ ಉದ್ಯಾನ ನೋಡಿಕೊಳ್ಳುವ ಒಪ್ಪಂದ ಆಯಿತು. ಆ ಪೆಟ್ಟಿಗೆಗೆ ದಯವಿಟ್ಟು ಧಾರಾಳವಾಗಿ ಹಾಕಿ.

ಗೈಡ್ ಬೇಕಾ ಅಂತ ತಂಗಿ ಕೇಳಿದಳು. "ಬೇಡ ಬಿಡೇ, ದಾರಿ ನೇರವಾಗಿದೆಯಲ್ಲ" ಎಂದೆ. ಮೊದಲ ದಿನ ಇಬ್ಬರೇ ನಡೆದೆವು. ಮಂಗಗಳು ಕಂಡವು, ಅಷ್ಟೇ. ಮರುದಿನ ಸ್ಥಳೀಯ ಗೈಡ್ ಒಬ್ಬರನ್ನು ಕರೆದುಕೊಂಡೆವು. ನಿನ್ನೆ ನಾವು ನೀರು ಕುಡಿಯಲು ನಿಂತಿದ್ದ ಜಾಗದಲ್ಲೇ ಅವರು ನಿಂತರು. ಮಂಡಿಯೆತ್ತರದ ಕೊಂಬೆಯಲ್ಲಿ ಬಾಳೆಹಣ್ಣಿನಂಥ ಅಚ್ಚ ಹಳದಿ ಹಾವು ಸುರುಳಿ ಸುತ್ತಿಕೊಂಡಿತ್ತು. ಅಲ್ಲಿಯವರು ಓರೋಪೆಲ್ ಎನ್ನುವ ವಿಷದ ಹಾವು. ಕಣ್ಣಿನ ಮೇಲೆ ರೆಪ್ಪೆಯಂತೆ ನೆಟ್ಟಗಿನ ಹುರುಪೆಗಳು. ನಮ್ಮ ಘಟ್ಟದ ಗುಳಿಮಂಡಲದ ಹಾಗೆ ಇದೂ ಒಂದೇ ಕಡೆ ದಿನಗಟ್ಟಲೆ ಕೂರುತ್ತದಂತೆ. ನಿನ್ನೆಯೂ ಅಲ್ಲೇ ಇದ್ದಿರಬಹುದು. ಹಾಗಾಗಿ ಗೈಡ್ ಕರೆದುಕೊಳ್ಳಿ, ಕೊಂಬೆಗೆ ಕೈ ಊರಬೇಡಿ.

ಮರದಲ್ಲಿ ಜೋತುಬಿದ್ದು ಬಲು ನಿಧಾನವಾಗಿ ಚಲಿಸುವ ಸ್ಲಾತ್ ಎಂಬ ಪ್ರಾಣಿಯನ್ನು ಹುಡುಕಲು ಗೈಡ್ ಒಂದು ಉಪಾಯ ಹೇಳಿಕೊಟ್ಟರು. ಪ್ರಾಣಿಯ ಆಕಾರ ಹುಡುಕಬೇಡಿ, ಕೊಂಬೆ ಕವಲೊಡೆಯುವ ಕಡೆ ತೆಂಗಿನ ಸಿಪ್ಪೆಯ ಉಂಡೆಯಂಥದ್ದು ಇದೆಯಾ ನೋಡಿ. ಹಗಲು ಸ್ವಲ್ಪ ಅಲುಗಾಡುವುದು ಮೂರು ಬೆರಳಿನ ಸ್ಲಾತ್. ಎರಡು ಬೆರಳಿನದು ಹೆಚ್ಚಾಗಿ ರಾತ್ರಿ ಓಡಾಡುತ್ತದೆ. ಕೂದಲಲ್ಲಿ ಪಾಚಿ ಬೆಳೆದು ಮೈ ಹಸಿರು ಛಾಯೆಗೆ ತಿರುಗಿರುತ್ತದೆ, ಅದಕ್ಕೇ ಎಲೆಯ ನಡುವೆ ಕಾಣುವುದಿಲ್ಲ. ವಾರಕ್ಕೊಮ್ಮೆ ಮಾತ್ರ ಮಲ ವಿಸರ್ಜನೆಗೆ ಕೆಳಗಿಳಿಯುತ್ತದೆ. ಹಾಗೆ ನೆಲದಲ್ಲಿ ಸಿಕ್ಕರೆ ಮುಟ್ಟಬೇಡಿ, ಪಕ್ಕ ನಿಂತು ಸೆಲ್ಫಿ ತೆಗೆಯಬೇಡಿ. ಕೈಯಲ್ಲಿ ಸ್ಲಾತ್ ಕೊಟ್ಟು ಫೋಟೋ ತೆಗೆಸುವವರು ಕಂಡರೆ ದುಡ್ಡು ಕೊಡಬೇಡಿ.

ಕವೀತಾದ ಹವಳದ ದಿಬ್ಬ ಈ ದೇಶದ ಕೆರಿಬಿಯನ್ ಕಡೆಯ ಮುಖ್ಯ ದಿಬ್ಬ. 1991ರ ಏಪ್ರಿಲ್ 22ರ ಭೂಕಂಪ ಈ ಕರಾವಳಿಯನ್ನೇ ಮೇಲಕ್ಕೆತ್ತಿತು. ನೀರೊಳಗಿದ್ದ ಹವಳ ಎಷ್ಟೋ ಕಡೆ ಹೊರಬಂದು ಬಿಸಿಲಿಗೆ ಸತ್ತಿತು. ಉಳಿದದ್ದನ್ನು ಗೈಡ್ ಜತೆಗೇ ನೋಡಬೇಕು. ಕಾಲಿನಿಂದ ಹವಳ ಮೆಟ್ಟಬೇಡಿ. ಸನ್‌ಸ್ಕ್ರೀನ್ ಬದಲು ತುಂಬು ತೋಳಿನ ಈಜುಡುಪು ಹಾಕಿದರೆ ನಿಮಗೂ ಒಳ್ಳೆಯದು, ಹವಳಕ್ಕೂ ಒಳ್ಳೆಯದು.

ಮುಂದಿನದು 13 ಕಿ.ಮೀ. ಸೈಕಲ್ ದಾರಿ

ಪ್ವೆರ್ತೋ ವಿಯೆಹೋದಿಂದ ಮಾನ್ಸಾನಿಯೋವರೆಗೆ ಸುಮಾರು 13 ಕಿ.ಮೀ. ರಸ್ತೆ, ಹೆಚ್ಚುಕಡಿಮೆ ಸಮತಟ್ಟು. ಕಾರು ಬೇಡ. ದಿನದ ಬಾಡಿಗೆಗೆ ಸೈಕಲ್ ತೆಗೆದುಕೊಂಡು ಬೀಗ ಸರಿಯಿದೆಯಾ ನೋಡಿ, ಕತ್ತಲಾಗುವ ಮೊದಲು ವಾಪಸ್ ಬನ್ನಿ. ಈ ದಾರಿಯಲ್ಲಿ ಬೀಚುಗಳು ಸಾಲಾಗಿ ಬರುತ್ತವೆ, ಒಂದೊಂದರ ಗುಣ ಒಂದೊಂದು ಥರ.

ಊರಿನ ಎದುರಿಗೇ ಇರುವುದು ಸಾಲ್ಸಾ ಬ್ರಾವಾ. ದೇಶದ ಹೆಸರಾಂತ, ಅಪಾಯದ ಅಲೆ. ಆಳದ ಕಡಲಿನಿಂದ ಬಂದ ತೆರೆ ಇದ್ದಕ್ಕಿದ್ದಂತೆ ತೆಳು ನೀರಿನ ಹವಳದ ದಿಬ್ಬಕ್ಕೆ ಗುದ್ದಿ ಎದ್ದು ನಿಲ್ಲುತ್ತದೆ. ಬಿದ್ದರೆ ಕೆಳಗಿರುವುದು ಮರಳಲ್ಲ, ಚೂಪು ಹವಳ. ಮೂಲ್ಕಿಯಲ್ಲಿ ನಾಲ್ಕು ದಿನ ಸರ್ಫಿಂಗ್ ಕಲಿತು ಬಂದಿದ್ದೀರಾ? ದಡದಲ್ಲಿ ಕೂತು ಬಲ್ಲವರನ್ನು ನೋಡಿ, ನೀರಿಗೆ ಇಳಿಯಬೇಡಿ.

ಕಲಿಯುವವರಿಗೆ ಎರಡು ಕಿ.ಮೀ. ಆಚೆಯ ಕೋಕ್ಲೆಸ್ ಇದೆ. ತಳದಲ್ಲಿ ಮರಳು, ಬೋರ್ಡ್ ಬಾಡಿಗೆಗೆ ಸಿಗುತ್ತದೆ, ಹೇಳಿಕೊಡುವವರೂ ಇದ್ದಾರೆ. ನೀರು ಬೆಚ್ಚಗಿರುತ್ತದೆ, ದಪ್ಪ ಸೂಟ್ ಬೇಡ. ಆದರೆ ಕೋಕ್ಲೆಸ್‌ನಲ್ಲಿ ಒಳಸೆಳೆತ ಜೋರು. ಬೆಳಗ್ಗೆ ಹತ್ತು ನಿಮಿಷ ಸುಮ್ನೆ ದಡದಲ್ಲಿ ನಿಂತು ನೋಡಿ. ಎರಡು ಕಡೆ ಅಲೆ ಒಡೆದು ನೊರೆ ಏಳುತ್ತಿರುತ್ತದೆ, ನಡುವಿನ ಒಂದು ಪಟ್ಟಿ ಮಾತ್ರ ಶಾಂತವಾಗಿ, ಕೆಸರು ಬಣ್ಣದಲ್ಲಿ ಹಿಂದಕ್ಕೆ ಹರಿಯುತ್ತಿರುತ್ತದೆ. ಇಳಿಯಲು ಸುಲಭ ಅನಿಸುವ ಆ ಜಾಗವೇ ಸೆಳೆತ. ಸಿಕ್ಕಿಬಿದ್ದರೆ ದಡದ ಕಡೆ ಗುದ್ದಾಡಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಪಟ್ಟಿಯಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಿ. ಕೈ ಸೋತರೆ ತೇಲುತ್ತಾ ಕೈ ಎತ್ತಿ ಕರೆಯಿರಿ. ಜೀವರಕ್ಷಕರ ಬಾವುಟ ಕೆಂಪಿದ್ದರೆ ಇಳಿಯಲೇಬೇಡಿ.

ಮಕ್ಕಳು, ವಯಸ್ಸಾದವರು ಇದ್ದರೆ ಪುಂತಾ ಊವಾಗೆ ಹೋಗಿ. ಗುಡ್ಡದ ಮೂತಿಯೊಂದು ಕಡಲಿಗೆ ಚಾಚಿ ಅಲೆ ತಡೆಯುತ್ತದೆ. ದಾರಿ ಮುಗಿಯುವ ಮಾನ್ಸಾನಿಯೋದಲ್ಲಿ 1985ರಲ್ಲಿ ಘೋಷಿಸಿದ ವನ್ಯಜೀವಿ ಧಾಮ ಶುರುವಾಗುತ್ತದೆ. ಅಲ್ಲಿ ಡಾಂಬರು ನಿಲ್ಲುತ್ತದೆ, ಮುಂದೆ ಕೆಸರು ದಾರಿ.

ಊಟ

ಇಲ್ಲಿಯ ಜನರಲ್ಲಿ ಹಲವರ ಹಿರಿಯರು ಜಮೈಕಾದಿಂದ ಬಂದವರು. 1870ರ ದಶಕದಿಂದ ರೈಲು ದಾರಿ ಹಾಕಲು, ಆಮೇಲೆ ಬಾಳೆ ತೋಟಗಳಲ್ಲಿ ದುಡಿಯಲು ಬಂದು ನೆಲೆಸಿದರು. ಹಾಗಾಗಿ ಸ್ಪಾನಿಷ್ ಜತೆಗೆ ಜಮೈಕಾದ ಇಂಗ್ಲಿಷ್ ಬೆರೆತ ಮಾತೂ ಕಿವಿಗೆ ಬೀಳುತ್ತದೆ. ಅಡುಗೆ ನಮ್ಮ ಕರಾವಳಿಯವರಿಗೆ ಹತ್ತಿರ. 'ರೈಸ್ ಆಂಡ್ ಬೀನ್ಸ್' ಎಂದರೆ ಅನ್ನ, ಕಾಳು ಎರಡನ್ನೂ ತೆಂಗಿನ ಹಾಲಿನಲ್ಲಿ ಬೇಯಿಸಿದ್ದು. ಪಾತ್ರೆಗೆ ಒಂದು ಖಾರದ ಮೆಣಸಿನಕಾಯಿಯನ್ನು ಒಡೆಯದೆ ಇಡಿಯಾಗಿ ಹಾಕುತ್ತಾರೆ, ಪರಿಮಳ ಮಾತ್ರ ಇಳಿಯಲಿ ಅಂತ. ಸಸ್ಯಾಹಾರಿಗಳು 'ಸಿನ್ ಪೊಯೋ, ಸಿನ್ ಕಾರ್ನೆ, ಸಿನ್ ಪೆಸ್ಕಾದೋ' ಎಂದು ಹೇಳಿ: ಕೋಳಿ ಬೇಡ, ಮಾಂಸ ಬೇಡ, ಮೀನು ಬೇಡ. ಜತೆಗೆ ಚಪ್ಪಟೆ ಮಾಡಿ ಕರಿದ ಬಾಳೆಕಾಯಿ ಪತಕೋನೆಸ್ ಕೇಳಿ.

ಕೊನೆಗೆ ತೋರ್ತುಗೇರೋ

ಉತ್ತರದ ತೋರ್ತುಗೇರೋ ಊರಿಗೆ ರಸ್ತೆಯೇ ಇಲ್ಲ. ಲಿಮೋನ್ ನಗರದ ಪಕ್ಕದ ಮೋಯಿನ್‌ನಿಂದ ಕಾಲುವೆಗಳಲ್ಲಿ ದೋಣಿ ಹಿಡಿಯಬೇಕು, ಇಲ್ಲವೇ ಕರಿಯಾರಿ ಊರಿನ ಮೂಲಕ ಲಾ ಪವೋನಾಗೆ ಬಂದು ಅಲ್ಲಿಂದ ದೋಣಿ. ನಾವು ಮೋಯಿನ್ ದಾರಿ ಹಿಡಿದೆವು. ಸಮಯ ಜಾಸ್ತಿ ಬೇಕು, ಆದರೆ ದಾರಿಯುದ್ದಕ್ಕೂ ಕೈಮನ್ ಮೊಸಳೆ, ಬಕ, ನೀರಿನ ಮೇಲೆ ಓಡುವ ಬೆಸಿಲಿಸ್ಕ್ ಹಲ್ಲಿ ನೋಡಬಹುದು.

ಅಟ್ಲಾಂಟಿಕ್‌ನಲ್ಲಿ ಹಸಿರು ಕಡಲಾಮೆ ಅತಿ ಹೆಚ್ಚು ಗೂಡು ಮಾಡುವ ಜಾಗ ಇದು. ಆರ್ಚಿ ಕಾರ್ ಎಂಬ ಅಮೆರಿಕದ ವಿಜ್ಞಾನಿ 1950ರ ದಶಕದಲ್ಲಿ ಇಲ್ಲಿ ಅಧ್ಯಯನ ಶುರು ಮಾಡಿದರು. 1975ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಆಮೆ ಬರುವ ಕಾಲದಲ್ಲಿ ಕತ್ತಲಾದ ಮೇಲೆ ಗೈಡ್ ಇಲ್ಲದೆ ಬೀಚಿಗೆ ಕಾಲಿಡುವಂತಿಲ್ಲ. ಗಾಢ ಬಣ್ಣದ ಬಟ್ಟೆ ಹಾಕಿ. ಕ್ಯಾಮೆರಾ, ಮೊಬೈಲ್ ರೂಮಿನಲ್ಲೇ ಬಿಡಿ.

ನಮ್ಮ ಗೈಡ್ ಬಹಳ ಹೊತ್ತು ಮರದ ಕೆಳಗೆ ಕಾಯಿಸಿದರು. ಮೊಟ್ಟೆ ಇಡಲು ಶುರು ಮಾಡುವ ಮುಂಚೆ ಬೆಳಕೋ ಹೆಜ್ಜೆ ಸಪ್ಪಳವೋ ಆದರೆ ಆಮೆ ಹೆದರಿ ಕಡಲಿಗೆ ತಿರುಗಿಬಿಡುತ್ತದೆ. ಶುರುವಾಯಿತು ಎಂಬ ಸೂಚನೆ ಬಂದ ಮೇಲೆ ಹಿಂದಿನಿಂದ ಹೋಗಿ ಮಂಡಿಯೂರಿದೆವು. ಕೆಂಪು ಟಾರ್ಚನ್ನು ಗುಂಡಿಗೆ ಮಾತ್ರ ಹಿಡಿದರು. ಟೇಬಲ್ ಟೆನಿಸ್ ಚೆಂಡಿನಂಥ ಒದ್ದೆ ಮೊಟ್ಟೆಗಳು ಎರಡು, ಮೂರು ಒಟ್ಟಿಗೆ ಬೀಳುತ್ತಿದ್ದವು. ಒಂದು ಗೂಡಿಗೆ ನೂರರ ಮೇಲೆ ಇರುತ್ತವೆ. ಅದರ ಉಸಿರು ಕೇಳಿಸುತ್ತಿತ್ತು, ದೊಡ್ಡದಾಗಿ, ನಿಧಾನವಾಗಿ, ಹೆರಿಗೆ ನೋವು ತಿನ್ನುವ ಹಸುವಿನ ಹಾಗೆ. ಮುಚ್ಚಲು ಶುರು ಮಾಡಿದಾಗ ಮುಂಗಾಲಿನಿಂದ ಎಸೆದ ಮರಳು ಬಂದು ತಂಗಿಯ ಮಡಿಲಿಗೇ ಬಿತ್ತು. ಅವಳು ಅದನ್ನು ಕೊಡವಲಿಲ್ಲ.

ಮರುದಿನ ಬೆಳಗ್ಗೆ ಆರಕ್ಕೆ ಹುಟ್ಟು ಹಾಕುವ ದೋಣಿಯಲ್ಲಿ ಕಾಲುವೆಗೆ ಹೋಗಿ. ಮೋಟಾರ್ ಸದ್ದಿಲ್ಲದಿದ್ದರೆ ಹಕ್ಕಿ, ಮಂಗ ಹತ್ತಿರ ಸಿಗುತ್ತವೆ. ಇಲ್ಲಿ ಕಡಲಿಗೆ ಮಾತ್ರ ಇಳಿಯಬೇಡಿ. ಸೆಳೆತವೂ ಇದೆ, ಶಾರ್ಕ್ ಕೂಡ ಇದೆ.

ವಾಪಸ್ ಬರುವಾಗ

ವಿಮಾನ ಇರುವ ದಿನವೇ ಕರಾವಳಿಯಿಂದ ಹೊರಡಬೇಡಿ. ಒಂದು ರಾತ್ರಿ ಸಾನ್ ಹೋಸೆಯಲ್ಲಿ ಕಳೆಯುವ ಹಾಗೆ ಲೆಕ್ಕ ಹಾಕಿ. ನಾವು ಬರುವಾಗ ಘಾಟಿಯಲ್ಲಿ ಗುಡ್ಡ ಜಾರಿ ಬಸ್ಸು ನಾಲ್ಕು ತಾಸು ನಿಂತಲ್ಲೇ ನಿಂತಿತು. ಪಕ್ಕದ ಸೀಟಿನ ಅಜ್ಜಿ ಚೀಲದಿಂದ ಪಾನ್ ಬೋನ್ ಎಂಬ ಕಪ್ಪು ಬೆಲ್ಲದ ಸಿಹಿ ಬ್ರೆಡ್ ತೆಗೆದು ಮುರಿದು ನಮ್ಮಿಬ್ಬರಿಗೂ ಕೊಟ್ಟರು. ವಿಮಾನ ಮರುದಿನ ಮಧ್ಯಾಹ್ನ ಇತ್ತು. ನಿಶ್ಚಿಂತೆಯಿಂದ ತಿಂದೆವು.