ರುವಾಂಡದ ಸಾಕ್ಕೊದಲ್ಲಿ ಬೆಳೆ ಸಾಲ: ಕಂತಿನ ತಾರೀಖು ನೋಡಿ ಸಹಿ ಹಾಕಿ

ಕೆಲಸಕ್ಕೆಂದು ರುವಾಂಡದಲ್ಲಿ ಇರುವವರನ್ನು ನೆರೆಯವರು ‘ಸಾಲದ ಅರ್ಜಿ ಸ್ವಲ್ಪ ನೋಡಿಕೊಡಿ’ ಎಂದು ಕೇಳುವುದುಂಟು. ಮುಸಾಂಜೆಯಲ್ಲಿದ್ದಾಗ ನನ್ನನ್ನೂ ಕೇಳುತ್ತಿದ್ದರು. ಜಾಸ್ತಿ ಜನ ಎಡವುತ್ತಿದ್ದದ್ದು ಒಂದೇ ಕಡೆ, ಕಂತಿನ ತಾರೀಖಿನಲ್ಲಿ.

ಈ ಸಾಲ ಕೊಡುವ ಉಮುರೆಂಗೆ ಸಾಕ್ಕೊ ಬ್ಯಾಂಕಲ್ಲ. ಸದಸ್ಯರ ಠೇವಣಿ ಇಟ್ಟುಕೊಂಡು ಸದಸ್ಯರಿಗೇ ಸಾಲ ಕೊಡುವ ಸಹಕಾರ ಸಂಘ, ನಮ್ಮೂರ ಸೊಸೈಟಿ ಇದ್ದ ಹಾಗೆ. ಉಮುರೆಂಗೆ ಎಂದರೆ ಹೆಚ್ಚುಕಮ್ಮಿ ನಮ್ಮ ಹೋಬಳಿ. ಅಂಥವು ದೇಶದಲ್ಲಿ 416 ಇವೆ. ಒಂದೊಂದಕ್ಕೂ ಒಂದು ಸಾಕ್ಕೊ ಇರಲಿ ಎಂದು 2008ರ ಹೊತ್ತಿಗೆ ಸರ್ಕಾರ ಶುರು ಮಾಡಿತು. ಉಸ್ತುವಾರಿ ಅಲ್ಲಿನ ಕೇಂದ್ರ ಬ್ಯಾಂಕಿನದು.

ಹಂತ 1: ಷೇರು ಕೊಂಡು ಸದಸ್ಯರಾಗಿ, ಖಾತೆಗೆ ಆಗಾಗ ದುಡ್ಡು ಹಾಕುತ್ತಿರಿ. ಇದರಲ್ಲಿ ಯಾರೂ ತಪ್ಪುವುದಿಲ್ಲ.

ಹಂತ 2: ಅರ್ಜಿಯನ್ನು ಜುಲೈನಲ್ಲೇ ಕೊಡಿ. ‘ಎ’ ಹಂಗಾಮಿನ, ಅಂದರೆ ಅಲ್ಲಿನ ಮೊದಲ ಬೆಳೆ ಕಾಲದ, ಬಿತ್ತನೆ ಸೆಪ್ಟೆಂಬರ್‌ನಲ್ಲಿ. ಸಾಲ ಸಮಿತಿ ಕೂತು ಒಪ್ಪಬೇಕು, ಅದಕ್ಕೆ ವಾರಗಳೇ ಹಿಡಿಯುತ್ತವೆ. ದುಡ್ಡು ಅಕ್ಟೋಬರ್ ಕೊನೆಗೆ ಕೈಗೆ ಬಂದರೆ ಬಿತ್ತನೆ ಮುಗಿದಿರುತ್ತದೆ, ಆ ದುಡ್ಡು ಮನೆಯ ಛಾವಣಿಗೋ ಮಕ್ಕಳ ಫೀಸಿಗೋ ಹೋಗುತ್ತದೆ, ಸಾಲ ಮಾತ್ರ ಹಾಗೇ ಉಳಿಯುತ್ತದೆ.

ಹಂತ 3: ಕಂತು ಬರೆಸುವುದು. ಇಲ್ಲಿ ನಿಧಾನಿಸಿ.

ನಮ್ಮ ಪಕ್ಕದ ಮನೆಯ ಅಮ್ಮ ಆಲೂಗಡ್ಡೆಗೆಂದು 3 ಲಕ್ಷ ಫ್ರಾಂಕ್ ತೆಗೆದುಕೊಂಡಿದ್ದರು. ಐದು ತಿಂಗಳು, ತಿಂಗಳಿಗೆ 2% ಬಡ್ಡಿ. ಪ್ರತಿ ತಿಂಗಳೂ ಸಮನಾದ ಅಸಲು, ಜೊತೆಗೆ ಬಡ್ಡಿ ಎಂದು ಬರೆದಿದ್ದರಿಂದ ಮೊದಲ ಕಂತೇ 66,000. ಅದು ಅಕ್ಟೋಬರ್, ಗೆಡ್ಡೆ ಇನ್ನೂ ಕಟ್ಟಿರಲಿಲ್ಲ. ಒಂದು ಆಡು ಮಾರಿದರು. ನವೆಂಬರ್ ಕಂತಿಗೆ ಬೆಳೆಯನ್ನೇ ಅಗೆದರು. ನಾನು ಒಂದು ಗೆಡ್ಡೆ ಕೈಗೆತ್ತಿಕೊಂಡೆ, ನಿಂಬೆಹಣ್ಣಿನಷ್ಟಿತ್ತು, ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಹಾಗೇ ಕಿತ್ತು ಬರುತ್ತಿತ್ತು. ಇನ್ನೊಂದು ತಿಂಗಳು ಬಿಟ್ಟಿದ್ದರೆ ಅದೇ ಸಾಲಿನಲ್ಲಿ ಎಷ್ಟು ಚೀಲ ತುಂಬುತ್ತಿತ್ತು! ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಕೇಳಬೇಕಾದದ್ದು ಇಷ್ಟು: ತಿಂಗಳು ತಿಂಗಳು ಬಡ್ಡಿ ಮಾತ್ರ, ಅಸಲು ಫೆಬ್ರವರಿಯಲ್ಲಿ ಒಟ್ಟಿಗೆ. ಆಗ ತಿಂಗಳಿಗೆ 6,000 ಕಟ್ಟಿದರೆ ಸಾಕು. ಒಟ್ಟು ಬಡ್ಡಿ 18,000 ಇದ್ದದ್ದು 30,000 ಆಗುತ್ತದೆ, ನಿಜ. ಆ 12,000 ಕೊಡಿ, ಯೋಚಿಸಬೇಡಿ. ಎಳೆ ಗೆಡ್ಡೆ ಮಾರಿದರೆ ಅದಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತೀರಿ.

ಸುಮ್ನೆ ಬಾಯಲ್ಲಿ ಕೇಳಿದರೆ ಒಪ್ಪುವುದಿಲ್ಲ. ಒಂದು ಹಾಳೆಯಲ್ಲಿ ಬಿತ್ತುವ ವಾರ, ಬಿತ್ತನೆ ಗೆಡ್ಡೆಯ ಚೀಲ, ಹೋದ ಸಲದ ಇಳುವರಿ, ಕೀಳುವ ವಾರ ಎಲ್ಲ ಬರೆದುಕೊಂಡು ಹೋಗಿ. ರೇಟು ಬರೆಯುವಾಗ ಎಲ್ಲರೂ ಒಟ್ಟಿಗೆ ಕೀಳುವ ದಿನಗಳ ಕಡಿಮೆ ರೇಟನ್ನೇ ಬರೆಯಿರಿ. ಒಳ್ಳೆಯ ರೇಟು ಬರೆದು ದೊಡ್ಡ ಸಾಲ ಹೊತ್ತವರನ್ನು ನಾನು ನೋಡಿದ್ದೇನೆ. ಹೊಲ ನೋಡಲು ಬನ್ನಿ ಎಂದು ಸಾಲದ ಅಧಿಕಾರಿಯನ್ನು ನೀವೇ ಕರೆಯಿರಿ.

ಬಡ್ಡಿ ಉಳಿದ ಅಸಲಿನ ಮೇಲೋ, ಫ್ಲಾಟೋ, ಅಂದರೆ ಕೊನೆವರೆಗೂ ಮೊದಲು ಪಡೆದ ಪೂರ್ತಿ ಸಾಲದ ಮೇಲೋ? ಇದನ್ನೂ ಅಲ್ಲೇ ಕೇಳಿ. 5 ಲಕ್ಷಕ್ಕೆ, 12 ಸಮ ಅಸಲಿನ ಕಂತಿಗೆ, ಅದೇ 2%ರಲ್ಲಿ ಮೊದಲನೆಯದಕ್ಕೆ ಬಡ್ಡಿ 65,000, ಫ್ಲಾಟಿಗೆ 1,20,000. ಇನ್ನು ಕಂತು ತಪ್ಪಿತೆಂದು ಫೋನಿನಲ್ಲಿ ಸಿಗುವ ಒಂದು ತಿಂಗಳ ಸಾಲಕ್ಕೆ ಕೈಹಾಕಲೇಬೇಡಿ. ಬೆಳೆಗೆ ಅದು ಹೊಂದುವುದಿಲ್ಲ.

ಹಂತ 4: ಭದ್ರತೆ. ಜಮೀನಿನ ಪತ್ರ ಇಡುವುದಾದರೆ ಗಂಡ ಹೆಂಡತಿ ಇಬ್ಬರೂ ಹೋಗಿ, ಇಬ್ಬರ ಒಪ್ಪಿಗೆಯೂ ಬೇಕು. ಒಬ್ಬರೇ ಹೋಗಿ ಅರ್ಧ ದಿನ ಕಾದು ವಾಪಸ್ ಬರುವವರು ಬಹಳ. ಅಡವಿಡಲು ಸಾಕಷ್ಟು ಇಲ್ಲದಿದ್ದರೆ ಬಿಡಿಎಫ್ ಎಂಬ ನಿಧಿಯ ಖಾತರಿ ಸಿಗುತ್ತದಾ ವಿಚಾರಿಸಿ. ಹೆಂಗಸರಿಗೆ, ಯುವಜನರಿಗೆ ಅದು ಸಾಲದ 75%ವರೆಗೆ ಖಾತರಿ ನಿಲ್ಲುತ್ತದೆ.

ಹಂತ 5: ತೀರಿದ ಮೇಲೆ ಅಡಮಾನ ತೆಗೆಸಿ, ಪಾಸ್‌ಬುಕ್ಕಿನಲ್ಲಿ ಬಾಕಿ ಸೊನ್ನೆ ಎಂದು ಬರೆಸಿಕೊಂಡೇ ಹೊರಡಿ.