ಹಳೇ ಜನಗಣತಿಯಲ್ಲಿ ಗೌಡರನ್ನು ಹುಡುಕುವುದು ಹೇಗೆ?

ಮೊದಲೇ ಹೇಳಿಬಿಡುತ್ತೇನೆ, ನಮ್ಮ ದೇಶದ ಜನಗಣತಿಯಲ್ಲಿ ಒಬ್ಬೊಬ್ಬರ ವಿವರ ನೋಡಲು ಸಿಗುವುದಿಲ್ಲ. 1948ರ ಕಾಯ್ದೆ ಅದನ್ನು ಗುಟ್ಟಾಗಿಟ್ಟಿದೆ. ಆದರೆ ತಾತನ ಅಣ್ಣ ಯಾರೋ ಓದಲು ಲಂಡನ್ನಿಗೆ ಹೋಗಿದ್ದರಂತೆ ಅನ್ನುವ ಕಥೆ ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಇರುತ್ತದಲ್ವಾ, ಅಂಥವರನ್ನು ಅಲ್ಲಿನ ಗಣತಿಯಲ್ಲಿ ಹುಡುಕಬಹುದು. ಇಂಗ್ಲೆಂಡಿನ 1921ರ ಗಣತಿ 2022ರಲ್ಲಿ ತೆರೆಯಿತು. 1931ರದ್ದು ಬೆಂಕಿಗೆ ಹೋಯಿತು, ಆಸೆ ಬಿಡಿ. ಅಮೆರಿಕದ್ದು 1950ರವರೆಗೂ ಸಿಗುತ್ತದೆ.

ತಲೆನೋವು ಸ್ಪೆಲ್ಲಿಂಗಿನದು. ಗೌಡ ಅನ್ನುವುದನ್ನು ಒಬ್ಬರು ಡಬ್ಲ್ಯೂ ಹಾಕಿ ಬರೆದರೆ ಇನ್ನೊಬ್ಬರು ಯು ಹಾಕುತ್ತಾರೆ, ಮೂರ್ತಿಯ ಎಚ್ ಒಮ್ಮೆ ಇರುತ್ತದೆ, ಒಮ್ಮೆ ಇಲ್ಲ, ಸಾಲದ್ದಕ್ಕೆ ಆ ಕೈಬರಹ ಓದಿ ಇಂಡೆಕ್ಸ್ ಮಾಡಿದವರದ್ದೇ ಬೇರೆ ತಪ್ಪು. ಆದ್ದರಿಂದ ಗಣತಿ ಹುಡುಕುವ ವೆಬ್‌ಸೈಟಿನಲ್ಲಿ, ಅನುಮಾನ ಇರುವ ಅಕ್ಷರದ ಜಾಗದಲ್ಲಿ ಸ್ಟಾರ್ ಗುರುತು (*, ಅಂದರೆ ಯಾವ ಅಕ್ಷರವಾದರೂ ಸರಿ) ಹಾಕಿ ಹುಡುಕಿ.

ಸೌಂಡೆಕ್ಸ್, ಅಂದರೆ ಕೇಳಲು ಒಂದೇ ಥರ ಇರುವ ಹೆಸರುಗಳಿಗೆ ಒಂದೇ ಕೋಡ್ ಕೊಟ್ಟು ಹುಡುಕುವ ಆಯ್ಕೆ ಇದ್ದರೆ ಅದನ್ನೂ ಒತ್ತಿ. ಅದು ಮೊದಲ ಅಕ್ಷರ ಉಳಿಸಿಕೊಂಡು ಸ್ವರಗಳನ್ನೂ ಎಚ್ ಅಕ್ಷರವನ್ನೂ ಬಿಡುತ್ತದೆ, ಹಾಗಾಗಿ ಶೆಟ್ಟಿ, ಸೆಟ್ಟಿ ಎರಡೂ ಒಂದೇ ಕೋಡಿಗೆ ಬರುತ್ತವೆ. ಆದರೆ ಮೊದಲ ಅಕ್ಷರವೇ ಬದಲಾದರೆ ಕೈಕೊಡುತ್ತದೆ. ವೆಂಕಟ ಹೆಸರನ್ನು ವಿ, ಡಬ್ಲ್ಯೂ ಎರಡರಲ್ಲೂ ನೋಡಲೇಬೇಕು.

ಇನ್ನೊಂದು, ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮೇ ಇಲ್ಲ, ಬರೀ ಊರಿನದೂ ಅಪ್ಪನದೂ ಇನಿಷಿಯಲ್. ಫಾರಂನ ಆ ಖಾನೆಯಲ್ಲಿ ಅವರ ಸ್ವಂತ ಹೆಸರೋ ಅಪ್ಪನ ಹೆಸರೋ ಹೋಗಿ ಕೂತಿರಬಹುದು. ನಾನಾದರೆ ಸರ್‌ನೇಮ್ ಖಾಲಿ ಬಿಟ್ಟು, ವಯಸ್ಸನ್ನು ಎರಡು ವರ್ಷ ಆಚೀಚೆ ಕೊಟ್ಟು, ಹುಟ್ಟಿದ ಸ್ಥಳಕ್ಕೆ ಬ್ಯಾಂಗಲೋರ್, ಮೈಸೂರ್, ಸುಮ್ನೆ ಇಂಡಿಯಾ ಅಂತ ಒಂದೊಂದಾಗಿ ಹಾಕಿ ನೋಡುತ್ತೇನೆ.