ನಗರವೊಂದು ಅಣ್ವಸ್ತ್ರದ ಕೆಲಸ ನಿಷೇಧಿಸಬಹುದೇ? ಕಲಬುರಗಿಯಲ್ಲಿ ಚರ್ಚೆ ಏರ್ಪಡಿಸುವವರಿಗೆ

“ಅಣ್ವಸ್ತ್ರ ಬೇಕೇ, ಬೇಡವೇ” ಎಂದು ವಿಷಯ ಕೊಟ್ಟರೆ ಸಭೆ ಕೆಟ್ಟ ಹಾಗೇ. ಒಂದು ಕಡೆಯವರು ಹಿರೋಷಿಮಾ ಎತ್ತುತ್ತಾರೆ, ಇನ್ನೊಂದು ಕಡೆಯವರು 1998ರ ಪೋಖ್ರಾನ್ ಎತ್ತುತ್ತಾರೆ. ಅಲ್ಲಿಂದ ಮುಂದೆ ಯಾರೂ ಯಾರ ಮಾತೂ ಕೇಳುವುದಿಲ್ಲ. ಚರ್ಚೆಗೆ ಇಡಬೇಕಾದದ್ದು ಕಾನೂನಿನ ಕರಡು. ಅರ್ಧ ಪುಟ ಸಾಕು, ನಾಲ್ಕು ಕಲಂ:

1. ನಗರದ ಗಡಿಯೊಳಗೆ ಅಣ್ವಸ್ತ್ರ ಅಥವಾ ಅದರ ಬಿಡಿಭಾಗಗಳ ವಿನ್ಯಾಸ, ತಯಾರಿಕೆ, ಪರೀಕ್ಷೆ ನಡೆಸುವಂತಿಲ್ಲ.
2. ಅಂಥ ಕೆಲಸ ಮಾಡುವ ಕಂಪನಿಯಿಂದ ನಗರಾಡಳಿತ ಏನನ್ನೂ ಕೊಳ್ಳುವಂತಿಲ್ಲ.
3. ನಗರದ ಹಣವನ್ನು ಅಂಥ ಕಂಪನಿಯಲ್ಲಿ ಹೂಡುವಂತಿಲ್ಲ.
4. ಬೇರೆ ದಾರಿಯೇ ಇಲ್ಲದಾಗ ಚುನಾಯಿತ ಪರಿಷತ್ತು ವಿನಾಯಿತಿ ಕೊಡಬಹುದು.

ಒಂದು ಬದಿಗೆ ಕನ್ನಡ, ಹಿಂಬದಿಗೆ ಉರ್ದು ಮುದ್ರಿಸಿ ವಾರ ಮೊದಲೇ ಹಂಚಿ. ಕಲಬುರಗಿಯಲ್ಲಿ ಉರ್ದು ಬಿಟ್ಟರೆ ಊರಿನ ದೊಡ್ಡ ಭಾಗವನ್ನೇ ಹೊರಗಿಟ್ಟಂತೆ.

ಎರಡೂ ಪಕ್ಷದವರು ಅಮೆರಿಕದ ಮೂರು ಊರುಗಳ ಕಥೆ ಓದಿಕೊಂಡೇ ವೇದಿಕೆ ಹತ್ತಬೇಕು. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ 1983ರಲ್ಲಿ ಇಂಥ ನಿಷೇಧ ಮತದಾರರ ಮುಂದೆ ಬಂತು, ಸೋತಿತು. ಕ್ಷಿಪಣಿಗಳ ಮಾರ್ಗದರ್ಶಿ ವ್ಯವಸ್ಥೆ ರೂಪಿಸುತ್ತಿದ್ದ ಡ್ರೇಪರ್ ಪ್ರಯೋಗಾಲಯ ಅದೇ ಊರಲ್ಲಿತ್ತು. ನೌಕರಿ ಹೋಗುತ್ತದೆ, ಸಂಶೋಧನೆಗೆ ಬೇಲಿ ಬೀಳುತ್ತದೆ ಎಂಬ ಮಾತಿಗೆ ತೂಕ ಬಂತು. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ 1988ರಲ್ಲಿ ಮತದಾರರು ಒಪ್ಪಿದರು. ಕೇಂದ್ರ ಸರ್ಕಾರ ಕೋರ್ಟಿಗೆ ಹೋಯಿತು, 1990ರಲ್ಲಿ ಕಾನೂನು ಬಿದ್ದುಹೋಯಿತು: ದೇಶದ ರಕ್ಷಣೆ ನಗರದ ಕೈಯಲ್ಲಿರುವ ವಿಷಯವಲ್ಲ ಎಂಬುದೇ ತಿರುಳು. 1992ರಲ್ಲಿ ನಗರ ಬಿಗಿ ಕಡಿಮೆ ಮಾಡಿದ ಕಾನೂನು ತಂದಿತು.

ಮೂರನೆಯ ಊರು, ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೆಚ್ಚು ಸಮಯ ಕೊಡಿ, ಏಕೆಂದರೆ ಅಲ್ಲಿ ಕಾನೂನು ಉಳಿದು ದಿನನಿತ್ಯದ ಆಡಳಿತಕ್ಕೆ ತೊಡರಿಕೊಂಡಿತು. 1986ರಲ್ಲಿ ಮತದಾರರೇ ಪಾಸು ಮಾಡಿದ ಕಾನೂನು ಅದು. ಆದರೆ ಆ ಊರಿನ ವಿಶ್ವವಿದ್ಯಾಲಯವೇ ಆಗ ಲಾಸ್ ಅಲಮೋಸ್, ಲಿವರ್‌ಮೋರ್ ಎಂಬ ಅಣ್ವಸ್ತ್ರ ಪ್ರಯೋಗಾಲಯಗಳ ಆಡಳಿತ ನಡೆಸುತ್ತಿತ್ತು. ಅದು ನಗರದ ಹಿಡಿತಕ್ಕೆ ಸಿಗಲಿಲ್ಲ. ಸಿಕ್ಕಿಬಿದ್ದದ್ದು ಸಾರ್ವಜನಿಕ ಗ್ರಂಥಾಲಯ. ಪುಸ್ತಕ ಎರವಲು ಕೊಡುವ ಯಂತ್ರಗಳ ನಿರ್ವಹಣೆ ತ್ರೀ ಎಂ ಕಂಪನಿಗೆ ಬಂದಾಗ, ಅಣ್ವಸ್ತ್ರದ ಕೆಲಸ ಮಾಡುವುದಿಲ್ಲ ಎಂಬ ನಮೂನೆಗೆ ಕಂಪನಿ ಸಹಿ ಹಾಕಲಿಲ್ಲ. ನಗರದ ಶಾಂತಿ ಮತ್ತು ನ್ಯಾಯ ಆಯೋಗ ವಿನಾಯಿತಿ ಬೇಡವೆಂದಿತು; 2009ರಲ್ಲಿ ಪರಿಷತ್ತು ವಿನಾಯಿತಿ ಕೊಟ್ಟಿತು. ಪರ ಮಾತಾಡುವವರಿಗೂ ವಿರೋಧಿಸುವವರಿಗೂ ಇದಕ್ಕಿಂತ ಒಳ್ಳೆಯ ಸರಕು ಇಲ್ಲ.

ಇಲ್ಲಿಗೆ ಹೊಂದಿಸುವಾಗ ಮೂರು ಮಾತು ಮೊದಲೇ ಸ್ಪಷ್ಟವಾಗಲಿ. ನಮ್ಮ ಪಾಲಿಕೆ ವ್ಯವಸ್ಥೆಯಲ್ಲಿ ಮತದಾರರೇ ನೇರವಾಗಿ ಕಾನೂನು ಪಾಸು ಮಾಡುವ ದಾರಿ ಇಲ್ಲ. ರಕ್ಷಣೆ, ಪರಮಾಣು ಶಕ್ತಿ, ಅದಕ್ಕೆ ಬೇಕಾದ ಖನಿಜ, ಮೂರೂ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿವೆ. ಪಾಲಿಕೆಯ ಖರೀದಿ ರಾಜ್ಯದ 1999ರ ಸಾರ್ವಜನಿಕ ಖರೀದಿ ಪಾರದರ್ಶಕತೆ ಕಾಯ್ದೆಯ ಟೆಂಡರ್ ನಿಯಮಗಳಿಗೆ ಒಳಪಟ್ಟಿದೆ, ಮನಸ್ಸಿಗೆ ಬಂದ ಷರತ್ತು ಸೇರಿಸಲಾಗದು. ಹಾಗಾಗಿ ಒಂದನೇ ಕಲಂ ಇಲ್ಲಿ ಪುಕ್ಕಟೆ: ನಿಲ್ಲಿಸಬೇಕಾದ ಕಾರ್ಖಾನೆಯೇ ಇಲ್ಲ, ಕೈ ಎತ್ತುವುದು ಸುಲಭ. ಚರ್ಚೆಯ ಜೀವ ಎರಡು ಮತ್ತು ನಾಲ್ಕರಲ್ಲಿದೆ. ಕಂಪ್ಯೂಟರ್ ಕೊಡುವವನ ಇನ್ನೊಂದು ಘಟಕ ಕ್ಷಿಪಣಿಯ ಭಾಗ ಮಾಡಿದರೆ ಏನು? ಅದನ್ನು ತಿಳಿದು ಹೇಳುವವರು ಯಾರು? ತುಟ್ಟಿಯಾದರೂ ಬೇರೆಯವರಿಂದ ಕೊಳ್ಳಬೇಕೇ?

ಶಹಾಪುರ ತಾಲ್ಲೂಕಿನ ಗೋಗಿಯ ಯುರೇನಿಯಂ ಮಾತು ಬಂದೇ ಬರುತ್ತದೆ. ಅದು ಗಣಿ, ನೀರು, ಹೊಲದ ಪ್ರಶ್ನೆ. ಬೇರೆಯದೇ ಒಂದು ಸಭೆಗೆ ಸಾಲುವಷ್ಟು ದೊಡ್ಡದು. ಈ ಕರಡಿನ ಯಾವ ಕಲಮಿಗೂ ಅದು ನೇರವಾಗಿ ಬರುವುದಿಲ್ಲ ಎಂದು ಅಧ್ಯಕ್ಷರು ಆರಂಭದಲ್ಲೇ ಹೇಳಿ, ಗೋಗಿಗೆ ಬೇರೆ ದಿನ ಗೊತ್ತು ಮಾಡುವುದು ಲೇಸು. ಬಾಯಿ ಮುಚ್ಚಿಸಿದರೆ ಜನ ಸಿಟ್ಟಾಗುತ್ತಾರೆ, ಅದು ನ್ಯಾಯವೂ ಹೌದು.

ಸಮಯ: ನವೆಂಬರ್‌ನಿಂದ ಫೆಬ್ರವರಿಯೊಳಗೆ, ಸಂಜೆ 5.30ಕ್ಕೆ. ಏಪ್ರಿಲ್‌–ಮೇ ಬಿಸಿಲಲ್ಲಿ ಮಧ್ಯಾಹ್ನದ ಸಭೆ ಇಟ್ಟರೆ ಕುರ್ಚಿಗಳೇ ಶ್ರೋತೃಗಳು. ಒಟ್ಟು ಎರಡು ತಾಸು. ಕರಡು ಓದಲು 10 ನಿಮಿಷ, ಪಕ್ಷಕ್ಕೆ ಇಬ್ಬರಂತೆ ನಾಲ್ಕು ಜನಕ್ಕೆ ತಲಾ 6 ನಿಮಿಷ, ಸಭಿಕರಿಗೆ 50 ನಿಮಿಷ, ಒಬ್ಬರಿಗೆ ಎರಡೇ ನಿಮಿಷ. ಉಳಿದದ್ದು ಮತ, ಎಣಿಕೆಗೆ. ಶಾಲು, ಹಾರ, ಸ್ವಾಗತಗೀತೆ ಪೂರ್ತಿ ಬಿಡಿ. ಅರ್ಧ ತಾಸು ನುಂಗುವುದು ಅವೇ. ಬ್ಯಾಟರಿಯ ಮೈಕ್ ಒಂದು ಕೈಯಲ್ಲಿರಲಿ, ಕರೆಂಟಿನದು ನಂಬಿಕೆಯದ್ದಲ್ಲ.

ಅಧ್ಯಕ್ಷರ ಕೆಲಸ ಒಂದೇ: ಮಾತು ಹಾರಿದಾಗಲೆಲ್ಲ “ಯಾವ ಕಲಂ ಬಗ್ಗೆ ಹೇಳ್ಲಿಕತ್ತೀರಿ ಸರ್?” ಎಂದು ಕೇಳುವುದು. ಹಿಂದಿನ ಸಾಲಿನಿಂದ “ಇದರಿಂದ ನಮ್ಮ ನಳದಾಗ ನೀರು ಬರ್ತದೇನ್ರಿ?” ಎಂದು ಯಾರಾದರೂ ಕೂಗಿದರೆ ನಕ್ಕು ಮುಂದೆ ಹೋಗಬೇಡಿ. ಪಾಲಿಕೆ ತನ್ನ ಸಮಯವನ್ನು ಇಂಥ ನಿರ್ಣಯಕ್ಕೆ ಕೊಡಬೇಕೇ ಎಂಬುದು ಗಟ್ಟಿ ವಾದ. ವಿರೋಧ ಪಕ್ಷದವರಿಂದ ಅದನ್ನೇ ಬೆಳೆಸಿ, ಪರ ಪಕ್ಷದವರಿಂದ ಉತ್ತರ ಕೇಳಿ.

ಮತ ಎರಡು ಸಲ ಹಾಕಿಸಿ, ಬಾಗಿಲಲ್ಲಿ ಒಳಬರುವಾಗ ಒಮ್ಮೆ, ಮಾತು ಮುಗಿದ ಮೇಲೆ ಒಮ್ಮೆ. ನೂರು ಜನ ಬರುವ ಅಂದಾಜಿದ್ದರೆ 120 ಜೋಡಿ ಚೀಟಿ: ಮೊದಲನೆಯದು ಬಿಳಿ, ಎರಡನೆಯದು ಹಳದಿ, ಜೋಡಿಗೆ ಒಂದೇ ಸಂಖ್ಯೆ, ಹೆಸರಿಲ್ಲ. ಪ್ರತಿ ಕಲಮಿಗೆ ಹೌದು, ಇಲ್ಲ, ಗೊತ್ತಿಲ್ಲ ಎಂಬ ಮೂರು ಮನೆ ಇರಲಿ. ಕೈ ಎತ್ತಿಸಬೇಡಿ, ಪಕ್ಕದಲ್ಲಿ ಮೇಷ್ಟ್ರು ಕೂತಿದ್ದರೆ ಹುಡುಗರ ಕೈ ಅವರ ಕೈಯನ್ನೇ ನೋಡುತ್ತದೆ. ಮೂವರು ಎಣಿಸಲಿ, ಒಬ್ಬರು ಹಲಗೆಯ ಮೇಲೆ ಬರೆಯಲಿ.

ಫಲಿತಾಂಶವನ್ನು ಕಲಂವಾರು ಹೇಳಿ, ಎಷ್ಟು ಜೋಡಿಗಳಲ್ಲಿ ಉತ್ತರ ಬದಲಾಯಿತು ಎಂಬುದನ್ನೂ ಸೇರಿಸಿ. ಬಹುಮತ ಬಂದ ಕಲಮನ್ನು ಪಾಲಿಕೆಗೆ ಮುಟ್ಟಿಸುವುದಾದರೆ “ನಿಷೇಧಿಸಬೇಕು” ಎಂದು ಬರೆದ ಮನವಿ ಅಧಿಕಾರವಿಲ್ಲ ಎಂಬ ಒಂದು ಸಾಲಿನ ಉತ್ತರದೊಂದಿಗೆ ವಾಪಸ್ ಬರುತ್ತದೆ. “ಈ ಅಭಿಪ್ರಾಯವನ್ನು ಸಾಮಾನ್ಯ ಸಭೆಯಲ್ಲಿ ನಿರ್ಣಯವಾಗಿ ಮಂಡಿಸಿ, ಸರ್ಕಾರಕ್ಕೆ ಕಳಿಸಿಕೊಡಬೇಕು” ಎಂದು ಬರೆಯಿರಿ. ಒಂದು ಪ್ರತಿ ನಿಮ್ಮ ವಾರ್ಡಿನ ಸದಸ್ಯರ ಕೈಗೆ, ಇನ್ನೊಂದು ಆಯುಕ್ತರ ಕಚೇರಿಯ ಟಪಾಲಿಗೆ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ.